ಆವತ್ತು ಕಣದಲ್ಲಿ ನೀನೂ ಇದ್ದೆ

ಹಾಸನ
ಮಾರ್ಚ್ 14

ಪ್ರೀತಿಯ ಮಗನಿಗೆ ದೊಡ್ಡಮ್ಮನ ಆಶೀರ್ವಾದ.

ಮನೆ ಸಮಾಚಾರವೆಲ್ಲ ನಿನ್ನ ಅಮ್ಮ ಫೋನಲ್ಲಿ ಹೇಳಿರ್ತಾಳೆ, ನಾನು ಮತ್ತೆ ಬರೆಯೋದಿಲ್ಲ. ನಿನ್ನ ಕಾಗದದ ಕೊನೆಯ ಸಾಲು ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. ಭೂಮಿ ಚಪ್ಪಟೆ ಅಂತ ರೂಮಿನ ಹುಡುಗ ವಾದ ಮಾಡಿದ, ನಿನಗೆ ಉತ್ತರ ಕೊಡಲು ಆಗಲಿಲ್ಲ, ಉಳಿದವರು ನಕ್ಕರು. ಅದು ಹೋಗಲಿ. "ನನಗೆ ಗೊತ್ತಿರೋದೆಲ್ಲ ಯಾರೋ ಹೇಳಿದ್ದೇ ದೊಡ್ಡಮ್ಮ, ನಂದು ಅಂತ ಏನೂ ಇಲ್ಲ, ಭಯ ಆಗುತ್ತೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಎದೆ ಧಸಕ್ ಅಂತು.

ಯಾಕೆಂದರೆ ಆ ಭಯ ನನಗೆ ಹಳೇ ಪರಿಚಯ. ನಿನ್ನ ಹಾಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಹೇಮಾವತಿ ಹಿನ್ನೀರಿನ ಹತ್ತಿರ ಒಂದು ಊರಲ್ಲಿ ನಾನು ಟೀಚರ್ ಆಗಿದ್ದ ಕಾಲ. ಐದನೇ ಕ್ಲಾಸು. ಬೋರ್ಡಿನ ಮೇಲೆ ಭೂಮಿಯನ್ನು ದುಂಡಗೆ ಬರೆದಿದ್ದೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ದುಂಡಗಿದ್ರೆ ಡ್ಯಾಮಿನ ನೀರು ಯಾಕೆ ಜಾರಿ ಬೀಳಲ್ಲ ಮಿಸ್?" ಅಂದಳು. ಗುರುತ್ವಾಕರ್ಷಣೆ ಅನ್ನುವ ಪದ ನನಗೆ ಗೊತ್ತಿತ್ತು. ಬಿಡಿಸಿ ಹೇಳೋಕೆ ಬರ್ತಿರಲಿಲ್ಲ. ಇಡೀ ಕ್ಲಾಸು ನನ್ನ ಮುಖವನ್ನೇ ನೋಡುತ್ತಿತ್ತು. "ಪುಸ್ತಕದಲ್ಲಿ ಹಾಗೇ ಇದೆ, ಬರ್ಕೊ. ಜಾಸ್ತಿ ಮಾತಾಡಬೇಡ" ಅಂತ ಗದರಿ, ಬೆಲ್ ಹೊಡೆಯುವ ತನಕ ನಿಲ್ಲಿಸಿದೆ. ಸ್ಲೇಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಅದರ ಮೇಲೆ ಅವಳೂ ಒಂದು ಸುತ್ತು ಬರೆದುಕೊಂಡಿದ್ದಳು. ಆಮೇಲೆ ಅವಳು ನನ್ನನ್ನು ಯಾವತ್ತೂ ಏನೂ ಕೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು.

ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಭೂಮಿ ಎಲ್ಲವನ್ನೂ ತನ್ನ ನಡುವಿನ ಕಡೆಗೆ ಎಳೆಯುತ್ತೆ. ಎಲ್ಲಿ ನಿಂತರೂ 'ಕೆಳಗೆ' ಅಂದರೆ ಆ ನಡುವಿನ ಕಡೆಗೆ. ನೀರು ಜಾರಿ ಹೋಗೋಕೆ ಬೇರೆ ಕೆಳಗೆ ಅನ್ನೋದೇ ಇಲ್ಲ. 499ರಲ್ಲಿ ಆರ್ಯಭಟ ಭೂಮಿಯನ್ನು ಕದಂಬದ ಹೂವಿಗೆ ಹೋಲಿಸಿದ್ದ. ಆ ಉಂಡೆಯ ಸುತ್ತ ಎಸಳು ಹೇಗೆ ತುಂಬಿಕೊಂಡಿರುತ್ತೋ, ಹಾಗೆ ಭೂಮಿಯ ಸುತ್ತ ಜೀವಿಗಳು ಅಂತ. ಮಳೆಗಾಲದಲ್ಲಿ ನಮ್ಮ ಕಡೆ ಬೇಕಾದಷ್ಟು ಬಿಡುವ ಹೂವು ಅದು. ಒಂದು ಹೂವು ಕೈಗೆ ಕೊಟ್ಟು ತಿರುಗಿಸಿ ನೋಡು ಅಂದಿದ್ದರೆ ಆ ಹುಡುಗಿಗೆ ಸಾಕಿತ್ತು.

ಯಾರೋ ಹೇಳಿದ್ದು ಅಂತ ಹೆದರಬೇಡ ಮಗಾ. ನೀನು ಹುಟ್ಟಿದ ದಿನ ನಿನಗೆ ಹೇಗೆ ಗೊತ್ತು? ನಾವು ಹೇಳಿದ್ದು. ಹೇಳಿದ್ದನ್ನು ನಂಬೋದು ತಪ್ಪಲ್ಲ. ಕೇಳಿದವಳನ್ನು ನಾನು ಸುಮ್ಮನಾಗಿಸಿದೆನಲ್ಲ, ತಪ್ಪು ಅಲ್ಲಿತ್ತು.

ಇನ್ನೊಂದು ವಿಷಯ ನೀನು ಮರೆತಿದ್ದೀಯ. 2018ರ ಜನವರಿ 31. ಸಕಲೇಶಪುರದ ಮನೆಯ ಕಣ. ಕಾಫಿ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸುವ ಹೊತ್ತು. ಗ್ರಹಣದಲ್ಲಿ ಮಗೂನ ಆಚೆ ಬಿಡಬೇಡಿ ಅಂತ ಅಜ್ಜಿ ಒಳಗಿಂದ ಕೂಗ್ತಾನೇ ಇದ್ದರು. ಸಿಲ್ವರ್ ಮರಗಳ ಮೇಲೆ ಚಂದ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ. ಏಳೂವರೆ ದಾಟಿದ ಮೇಲೆ ಒಂದು ಅಂಚು ಬೆಳ್ಳಗಾಗುತ್ತಾ ಬಂತು. ಆಗ ನೀನು ನನ್ನ ಸೆರಗು ಎಳೆದು, "ದೊಡ್ಡಮ್ಮ, ಕಪ್ಪಿನ ಅಂಚು ತಟ್ಟೆ ಥರ ಬಾಗಿದೆ" ಅಂದೆ. ಅದು ಭೂಮಿಯ ನೆರಳು ಕಣೋ. ಗ್ರಹಣ ಸಂಜೆ ಆಗಲಿ, ನಡುರಾತ್ರಿ ಆಗಲಿ, ಬೆಳಗಿನ ಜಾವ ಆಗಲಿ, ಆ ಅಂಚು ಯಾವಾಗಲೂ ದುಂಡಗೇ ಬಾಗಿರುತ್ತೆ. ತಟ್ಟೆಯನ್ನು ಓರೆ ಹಿಡಿದರೆ ನೆರಳು ಉದ್ದವಾಗುತ್ತೆ. ಯಾವ ಕಡೆಯಿಂದ ಬೆಳಕು ಬಿದ್ದರೂ ದುಂಡು ನೆರಳು ಕೊಡೋದು ಚೆಂಡು ಮಾತ್ರ. ಹಳೇ ಕಾಲದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದನ್ನೇ ಹೇಳಿದ್ದ. ನಿನಗೆ ಅವನ ಹೆಸರೇ ಗೊತ್ತಿಲ್ಲದಾಗ ನೀನು ಕಣ್ಣಾರೆ ಕಂಡೆ. ನಂದು ಅಂತ ಏನೂ ಇಲ್ಲ ಅಂತ ಹೇಗೆ ಬರೆದೆ?

ಬುದ್ಧಿ ಹೇಳೋಕೆ ನನಗೆ ಅಷ್ಟು ಯೋಗ್ಯತೆ ಇಲ್ಲ. ಆದರೂ ರಾತ್ರಿ ಹೊತ್ತು ವಾದಕ್ಕೆ ಕೂರಬೇಡ, ನಿದ್ದೆ ಹಾಳು. ಆ ಹುಡುಗನ ಜೊತೆ ಮಾತು ಬಿಡಬೇಡ. ನೆಲ ಚಪ್ಪಟೆ ಕಾಣುತ್ತಲ್ಲ ಅಂತ ಅವನು ಹೇಳಿದ್ದು ಸುಳ್ಳಲ್ಲ, ಹಾಗೇ ಕಾಣುತ್ತೆ. ಭೂಮಿ ತುಂಬಾ ದೊಡ್ಡದು, ಮನುಷ್ಯ ತುಂಬಾ ಚಿಕ್ಕವನು, ಸುತ್ತಳತೆಯ ನೂರನೇ ಒಂದು ಭಾಗ ಸಮವಾಗೇ ಕಾಣುತ್ತೆ ಅಂತ 1150ರಲ್ಲೇ ಭಾಸ್ಕರಾಚಾರ್ಯ ಬರೆದಿದ್ದಾನೆ.

ನಿನಗೆ ಬಿಡುವಿದ್ದರೆ ಒಂದು ಕೆಲಸ ಮಾಡೋಣ. ಪರೀಕ್ಷೆ ಇದ್ದರೆ ಬೇಡ. ಏಪ್ರಿಲ್ 24ರ ಮಧ್ಯಾಹ್ನ 12 ಗಂಟೆ 24 ನಿಮಿಷದ ಆಸುಪಾಸು ಹಾಸನದಲ್ಲಿ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತೆ. ಅದೇ ಹೊತ್ತಿಗೆ ಕಲಬುರಗಿಯ ನಿನ್ನ ಹಾಸ್ಟೆಲ್ ಮಹಡಿಯಲ್ಲಿ ಒಂದು ಮೀಟರ್ ಕೋಲು ನಿಲ್ಲಿಸು. ಏಳೂವರೆ ಸೆಂಟಿಮೀಟರ್ ಹತ್ತಿರ ನೆರಳು ಬರಬೇಕು. ಅಂದರೆ ಅಲ್ಲಿ ಸೂರ್ಯ ನೆತ್ತಿಯಿಂದ 4.3 ಡಿಗ್ರಿ ಓರೆ. ಕಲಬುರಗಿ ನಮಗೆ ಹೆಚ್ಚು ಕಡಿಮೆ ನೇರ ಉತ್ತರಕ್ಕಿದೆ, ಸುಮಾರು 480 ಕಿಲೋಮೀಟರ್ ದೂರ. 4.3 ಡಿಗ್ರಿಗೆ 480 ಆದರೆ ಪೂರ್ತಿ ಸುತ್ತಿಗೆ, ಅಂದರೆ 360 ಡಿಗ್ರಿಗೆ ಎಷ್ಟು, ಲೆಕ್ಕ ಹಾಕು. 40,000 ಕಿಲೋಮೀಟರ್ ಹತ್ತಿರ ಬರುತ್ತೆ, ಭೂಮಿಯ ಸುತ್ತಳತೆ ಅಷ್ಟೇ. 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ ಹೀಗೇ ಅಳೆದ.

ಸೂರ್ಯ ಹತ್ತಿರ ಇದ್ದಾನೆ, ಅದಕ್ಕೇ ನೆರಳು ಬೇರೆ ಅಂತ ನಿನ್ನ ಗೆಳೆಯ ತಕರಾರು ತೆಗೆಯಬಹುದು. ಅದೂ ನ್ಯಾಯವಾದ ಪ್ರಶ್ನೆಯೇ. ಸಂಜೆ ಸೂರ್ಯ ಕೆಂಪಾಗಿ ಕಣ್ಣಿಗೆ ತಂಪಾದ ಮೇಲೆ ಅವನನ್ನೂ ಮಹಡಿಗೆ ಕರ್ಕೊಂಡು ಹೋಗು. ಚಪ್ಪಟೆ ನೆಲದ ಮೇಲೆ ದೂರ ದೂರ ಸರಿದು ಹೋಗುವುದಾಗಿದ್ದರೆ ಸೂರ್ಯ ಕುಗ್ಗುತ್ತಾ ಚುಕ್ಕೆಯಾಗಬೇಕಿತ್ತು. ಮುಳುಗುವಾಗಲೂ ಅವನ ಅಗಲ ಅಷ್ಟೇ ಇರುತ್ತೆ. ನೀನು ಏನೂ ಹೇಳೋಕೆ ಹೋಗಬೇಡ, ಅವನೇ ನೋಡಲಿ.

ಆ ಹುಡುಗಿ ಈಗ ಅರಕಲಗೂಡಿನ ಕಡೆ ಇದ್ದಾಳಂತೆ. ಒಂದು ಸಲ ಸಂತೆಯಲ್ಲಿ ಸಿಕ್ಕಿದ್ದಳು, "ಚೆನ್ನಾಗಿದ್ದೀರಾ ಮಿಸ್" ಅಂದಳು. ಡ್ಯಾಮಿನ ನೀರಿನ ಮಾತು ನನ್ನ ಗಂಟಲ ತನಕ ಬಂದು ಅಲ್ಲೇ ಉಳಿಯಿತು.

24ಕ್ಕೆ ಅಳತೆ ಮುಗಿದ ಕೂಡಲೇ ಫೋನ್ ಮಾಡು. ನಾನು ಅಂಗಳದಲ್ಲಿ ಕೋಲು ನೆಟ್ಟುಕೊಂಡು ಕಾಯ್ತಿರ್ತೀನಿ.

ಇತಿ,
ನಿನ್ನ ದೊಡ್ಡಮ್ಮ