ಮರಳ ದಂಡೆಯ ಆಚೆಯ ಕೆಸರು: ಶಿಬಿರದ ವ್ಯವಸ್ಥಾಪಕರಿಗೆ ದೂರು

ಇಂದ:
ಟೆಂಟ್ ಕಾಯ್ದಿರಿಸಿದ್ದ ಗ್ರಾಹಕ,
ನವನಗರ, ಬಾಗಲಕೋಟೆ

ಗೆ:
ವ್ಯವಸ್ಥಾಪಕರು,
ಹಿನ್ನೀರಿನ ದಂಡೆಯ ಶಿಬಿರ ಉದ್ಯಾನ

ವಿಷಯ: ತಪ್ಪು ಜಾಹೀರಾತು, ಸುರಕ್ಷತೆಯ ಕೊರತೆ ಮತ್ತು ಹಣ ಮರುಪಾವತಿ

ಮಾನ್ಯರೇ,

ಮೇ ತಿಂಗಳಲ್ಲಿ ಒಂದು ರಾತ್ರಿ ತಂಗಲು ನಮ್ಮ ಕುಟುಂಬಕ್ಕೆ ನಿಮ್ಮಲ್ಲಿ ಎರಡು ಟೆಂಟ್ ಕಾಯ್ದಿರಿಸಿದ್ದೆ. ಜಾಹೀರಾತಿನ ಚಿತ್ರದಲ್ಲಿ ಟೆಂಟಿನ ಮುಂದೆ ಮರಳು, ಮರಳಿಗೆ ತಾಗಿಯೇ ನೀರು. ಆಲಮಟ್ಟಿ ಜಲಾಶಯ ತನ್ನ ಪೂರ್ಣ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 519.6 ಮೀಟರಿಗೆ, ತುಂಬುವುದು ಮಳೆಗಾಲದಲ್ಲಿ, ಬೇಸಿಗೆಗೆ ಹಿನ್ನೀರು ಸರಿಯುತ್ತದೆ ಎಂಬುದು ಈ ಊರಿನವರಿಗೆ ಹೊಸದಲ್ಲ. ಅದಕ್ಕೇ ಮೊದಲು ಫೋನ್ ಮಾಡಿ ಕೇಳಿದ್ದೆ. "ನೀರು ದಂಡೆಗೇ ಇದೆ ಸರ್" ಎಂದರು ನಿಮ್ಮ ಸಿಬ್ಬಂದಿ. ಬಂದು ನೋಡಿದರೆ ನೀರು ದೂರದಲ್ಲಿ ಹೊಳೆಯುತ್ತಿತ್ತು.

ಅಷ್ಟೇ ಆಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆ. ನೀವು ಹೊರಗಿನಿಂದ ತಂದು ಹರಡಿದ ಮರಳು ಮುಗಿದಲ್ಲಿಂದ ನೀರಿನವರೆಗೆ ಇರುವುದು ಹೂಳು ಕೂತ ಎರೆಮಣ್ಣು. ಮೇಲ್ಪದರ ಹಪ್ಪಳದಂತೆ ಒಣಗಿ ಬಿರಿದಿದೆ, ಒಳಗೆ ಹಸಿ ಕೆಸರು. ನೀರು ಮುಟ್ಟಲು ಓಡಿದ ನನ್ನ ತಂಗಿಯ ಮಗ ತೊಡೆಯವರೆಗೆ ಹೂತುಹೋದ. ಎಳೆದಷ್ಟೂ ಇಳಿಯುತ್ತಿದ್ದ. ಅಡುಗೆಮನೆಯ ಹುಡುಗನೊಬ್ಬ ಹಲಗೆ ತಂದು ಹಾಸಿ, ಅದರ ಮೇಲೆ ಮಲಗಿ ಅವನನ್ನು ಎಳೆದ. ಅಲ್ಲಿ ಹಗ್ಗವಿರಲಿಲ್ಲ, ಎಚ್ಚರಿಕೆಯ ಫಲಕವಿರಲಿಲ್ಲ, ಕಾವಲಿಗೆ ಯಾರೂ ಇರಲಿಲ್ಲ.

ಗೇಟಿನ ಬಳಿ ಕುಳಿತಿದ್ದ ಹಿರಿಯರೊಬ್ಬರು, ಮುಳುಗಡೆಗೆ ಹೊಲ ಕೊಟ್ಟವರು, ಆ ಕಡೆ ಕೈ ತೋರಿಸಿ "ಅಲ್ಲಿ ನಮ್ಮ ಬಾವಿ ಇತ್ತು" ಎಂದರು. ದೋಣಿ ಬಿಡುವ ಮುನ್ನ, ಮಕ್ಕಳನ್ನು ಈಜಲು ಕರೆಯುವ ಮುನ್ನ, ನೀರಿನಡಿ ಎಲ್ಲೇನಿದೆ ಎಂದು ಅಂಥವರನ್ನು ನೀವು ಒಮ್ಮೆಯಾದರೂ ಕೇಳಿದ್ದೀರಾ?

ಶೌಚಾಲಯದಲ್ಲಿ ಸಂಜೆಯಿಂದಲೇ ನೀರಿರಲಿಲ್ಲ. ರೊಟ್ಟಿ, ಎಣ್ಣೆಗಾಯಿ ಮಾತ್ರ ಚೆನ್ನಾಗಿದ್ದವು. ಹೇಳದಿದ್ದರೆ ಅಡುಗೆಯವರಿಗೆ ಅನ್ಯಾಯ.

ಕತ್ತಲಾಗುವ ಮೊದಲೇ ನಾವು ಹೊರಟೆವು. ಕಚೇರಿಯಲ್ಲಿ ಕುಳಿತವರು, ಒಮ್ಮೆ ಒಳಗೆ ಬಂದ ಮೇಲೆ ಹಣ ವಾಪಸಿಲ್ಲ ಎಂದರು. ಊಟದ ಹಣ ಮುರಿದುಕೊಳ್ಳಿ, ಟೆಂಟಿನ ಬಾಡಿಗೆ ಪೂರ್ತಿ ಹಿಂತಿರುಗಿಸಿ. ಅದಕ್ಕಿಂತ ಮೊದಲು, ಇದೇ ವಾರ, ಮರಳಿನ ಅಂಚಿಗೆ ಹಗ್ಗ ಕಟ್ಟಿಸಿ, ಕನ್ನಡದಲ್ಲಿ ದೊಡ್ಡ ಫಲಕ ಹಾಕಿಸಿ, ಈಜು ಬಲ್ಲ ಕಾವಲುಗಾರನನ್ನು ನೇಮಿಸಿ. ಮಳೆಗಾಲದ ಚಿತ್ರ ತೋರಿಸಿ ಬೇಸಿಗೆಯ ಟೆಂಟ್ ಮಾರುವುದನ್ನು ನಿಲ್ಲಿಸಿ.

ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ. ರಸೀದಿ, ಜಾಹೀರಾತಿನ ಪ್ರತಿ ಮತ್ತು ಆ ದಿನ ತೆಗೆದ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇತಿ,
ತಮ್ಮ ಗ್ರಾಹಕ