ಕತ್ತಿ ಹಿಡಿಯದ ರಾಜಕುಮಾರಿಯ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಹವಾಯಿ ಇನ್ನೂ ಸ್ವತಂತ್ರ ರಾಜ್ಯವಾಗಿದ್ದ ಕಾಲದ ಅಲ್ಲಿನ ರಾಜಕುಮಾರಿ ಕೈಯುಲಾನಿ ಬಗ್ಗೆ ನೀನು ಬರೆಯುತ್ತಿರುವ ಕಾದಂಬರಿಯ ಮೊದಲ ಭಾಗ ಓದಿದೆ. ಓದಿಸಿಕೊಂಡು ಹೋಗುತ್ತದೆ. ಆದರೆ ನವಿಲು ಜಾಸ್ತಿ ಆಯ್ತು. ವೈಕಿಕಿಯ ಐನಾಹೌ ತೋಟದಲ್ಲಿ ಅವಳ ನವಿಲುಗಳಿದ್ದದ್ದು ನಿಜ, ಹಾಗಂತ ಅಧ್ಯಾಯಕ್ಕೊಂದು ಸಲ ಗರಿ ಬಿಚ್ಚಿಸಬೇಕಾ?

ನನ್ನ ನಿಜವಾದ ತಕರಾರು ಬೇರೆ. ಅಬ್ಬಕ್ಕ, ಚೆನ್ನಮ್ಮನ ಕತೆ ಕೇಳಿ ಬೆಳೆದ ನಮಗೆ ನಾಡು ಉಳಿಸಲು ಹೊರಟ ಹೆಣ್ಣಿನ ಕೈಯಲ್ಲಿ ಕತ್ತಿ ಇಲ್ಲದಿದ್ದರೆ ಸಮಾಧಾನವೇ ಇಲ್ಲ. ನೀನೂ ಅವಳನ್ನು ಅರಮನೆ ಮೆಟ್ಟಿಲ ಮೇಲೆ ನಿಲ್ಲಿಸಿ, ಅಮೆರಿಕದ ಸೈನಿಕರ ಎದುರು ಭಾಷಣ ಮಾಡಿಸಿದ್ದೀಯ. ಅರಸೊತ್ತಿಗೆ ಉರುಳಿದ 1893ರ ಜನವರಿ 17ರಂದು ಅವಳು ರಾಜಧಾನಿ ಹೊನೊಲುಲುವಿನಲ್ಲಿ ಇರಲೇ ಇಲ್ಲ, ಅಲ್ವಾ? 1889ರಲ್ಲೇ ಓದಲು ಇಂಗ್ಲೆಂಡಿಗೆ ಹೋದವಳು. ಸಕ್ಕರೆಯ ಲಾಭ ನೋಡಿಕೊಂಡ ವ್ಯಾಪಾರಿಗಳು, ವಕೀಲರು ಸೇರಿ ಅವಳ ದೊಡ್ಡಮ್ಮ ರಾಣಿ ಲಿಲಿಯುಓಕಲಾನಿಯನ್ನು ಇಳಿಸಿದಾಗ ಹವಾಯಿಗೆ ತಂತಿ ಸಂಪರ್ಕ ಇರಲಿಲ್ಲ. ಸುದ್ದಿ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗಬೇಕಿತ್ತು. ಕೊನೆಗೆ ಅವಳ ಪೋಷಕ ಥಿಯೋ ಡೇವಿಸ್ ಕೈಗೆ ಮೂರು ಟೆಲಿಗ್ರಾಂ ಬಂದವು: ರಾಣಿಯನ್ನು ಇಳಿಸಲಾಗಿದೆ, ಅರಸೊತ್ತಿಗೆ ರದ್ದಾಗಿದೆ, ರಾಜಕುಮಾರಿಗೆ ತಿಳಿಸಿ. ಹದಿನೇಳು ವರ್ಷದ ಹುಡುಗಿ, ಅವಳಿಗೆ ತಿಳಿಯುವ ಹೊತ್ತಿಗೆ ನಾಡು ಕೈತಪ್ಪಿ ಎರಡು ವಾರವೇ ಆಗುತ್ತಾ ಬಂದಿದೆ. ಭಾಷಣ ತೆಗೆದು ಇದನ್ನು ಬರಿ.

ಇನ್ನು, ಸುದ್ದಿ ತಿಳಿದು ಅವಳು ಅಮೆರಿಕಕ್ಕೆ ಬಂದ ಮೇಲಿನ ಶ್ವೇತಭವನದ ದೃಶ್ಯ. ನಿನ್ನ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವಳ ಕಣ್ಣೀರಿಗೆ ಕರಗಿ, ಹವಾಯಿಯನ್ನು ಅಮೆರಿಕಕ್ಕೆ ಸೇರಿಸುವ ವಿಲೀನದ ಒಪ್ಪಂದವನ್ನು ವಾಪಸ್ ಪಡೆಯುತ್ತಾರೆ. ಆದರೆ ಅವರು ಅದನ್ನು ಸೆನೆಟ್‌ನಿಂದ ಹಿಂದಕ್ಕೆ ಪಡೆದದ್ದು ಮಾರ್ಚ್ 9ರಂದು, ಇವಳನ್ನು ಕಂಡದ್ದು ಅದಾದ ಮೇಲೆ. ನಡೆದದ್ದನ್ನು ಹಾಗೇ ಬಿಡು, ಸುಮ್ನೆ ಅವಳ ಲೆಕ್ಕಕ್ಕೆ ಜಮಾ ಮಾಡಬೇಡ. ಅಮೆರಿಕದ ಪತ್ರಿಕೆಗಳು ಕಾಡು ಹುಡುಗಿಯನ್ನು ನಿರೀಕ್ಷಿಸಿದ್ದವು, ಬಂದವಳು ಇಂಗ್ಲೆಂಡಿನ ಶಾಲೆಯಲ್ಲಿ ಓದಿದ, ಅಳೆದು ತೂಗಿ ಮಾತಾಡುವ ಹುಡುಗಿ. ಅವರು ಬರೆದದ್ದೆಲ್ಲ ಅವಳ ಚೆಲುವು, ಉಡುಪಿನ ಬಗ್ಗೆ. ನೀನೂ ಅದನ್ನೇ ಮೂರು ಪುಟ ಬರೆದರೆ ಹೇಗೆ?

ನೀನು ಮುಟ್ಟದೇ ಬಿಟ್ಟ ಜಾಗ ಒಂದಿದೆ, ಅದೇ ನನಗೆ ಎಲ್ಲಕ್ಕಿಂತ ಕುತೂಹಲದ್ದು. ರಾಣಿಯನ್ನು ಬದಿಗಿಟ್ಟು ಕೈಯುಲಾನಿಯನ್ನೇ ಗದ್ದುಗೆಗೆ ಕೂರಿಸೋಣ ಅನ್ನುವ ಯೋಚನೆ ಡೇವಿಸ್‌ಗೂ ಇತ್ತು, ಅವಳ ಸ್ವಂತ ಅಪ್ಪ ಕ್ಲೆಗಾರ್ನ್‌ಗೂ ಇತ್ತು. ದೊಡ್ಡಮ್ಮನ ಕಿವಿಗೆ ಅದು ಬೀಳದೆ ಇರುತ್ತದಾ? ಅಂಥದ್ದಕ್ಕೆ ಒಪ್ಪಬೇಡ ಎಂದು 1894ರಲ್ಲಿ ಕಾಗದ ಬರೆದರು. ನನಗೆ ಯಾರೂ ಹಾಗೆ ಕೇಳಿಲ್ಲ ಎಂದು ಇವಳು ಉತ್ತರಿಸಿದಳು. ನಾಡಿಗಾಗಿ ಹೋರಾಡುವವಳು ತನಗಾಗಿ ಹೋರಾಡುತ್ತಿಲ್ಲ ಎಂದು ಮನೆಯವರಿಗೇ ನಂಬಿಸಬೇಕಾದ ಸ್ಥಿತಿ! ಇಲ್ಲಿ ನಿಧಾನ ಮಾಡು, ಎಷ್ಟು ಪುಟ ಆದರೂ ಸರಿ.

ಜನರನ್ನೂ ಒಳಗೆ ಬಿಡು. 1897ರಲ್ಲಿ ಅವಳು ಊರಿಗೆ ಮರಳಿದಾಗ ವಿಲೀನ ಬೇಡ ಎಂಬ ಅರ್ಜಿಗೆ 21 ಸಾವಿರಕ್ಕೂ ಹೆಚ್ಚು ಸಹಿ ಬಿದ್ದಿದ್ದವು, ಇಡೀ ಹವಾಯಿ ಮೂಲದ ಜನ ಸುಮಾರು 40 ಸಾವಿರ ಇದ್ದ ಕಾಲದಲ್ಲಿ. ಹಾಳೆಯ ಮೇಲೆ ಹೆಸರು, ಪಕ್ಕದಲ್ಲಿ ವಯಸ್ಸು, ಹೆಂಗಸರ ಹಾಳೆ ಬೇರೆ, ಗಂಡಸರದು ಬೇರೆ. ನಾಲ್ವರು ಅದನ್ನು ವಾಷಿಂಗ್ಟನ್‌ಗೆ ಹೊತ್ತೊಯ್ದರು. ಸೆನೆಟ್‌ನಲ್ಲಿ ಮೂರನೇ ಎರಡು ಬಹುಮತ ಸಿಗದೆ ಆ ವರ್ಷ ಹೊಸದಾಗಿ ತಂದಿದ್ದ ವಿಲೀನದ ಒಪ್ಪಂದ ಬಿದ್ದುಹೋಯಿತು. ಮುಂದಿನ ವರ್ಷ ಅಮೆರಿಕಕ್ಕೆ ಸ್ಪೇನ್ ಜೊತೆ ಯುದ್ಧ ಬಂತು, ಪೆಸಿಫಿಕ್‌ನಲ್ಲಿ ನೆಲೆ ಬೇಕಾಯಿತು. ಒಪ್ಪಂದದ ದಾರಿ ಬಿಟ್ಟು ಬರೀ ಬಹುಮತ ಸಾಕಾಗುವ ಜಂಟಿ ನಿರ್ಣಯ ತಂದು 1898ರ ಜುಲೈನಲ್ಲಿ ಕೆಲಸ ಮುಗಿಸಿದರು. ನಿನ್ನ ಮೀಸೆ ತಿರುವುವ ಖಳನಾಯಕನಿಗಿಂತ ಈ ನಿರ್ಣಯ ಹೆಚ್ಚು ಕ್ರೂರ.

ಸಾವನ್ನು ಎರಡು ಪುಟಕ್ಕೆ ಇಳಿಸು. ಮಳೆಯಲ್ಲಿ ನೆನೆದು ಕುದುರೆ ಸವಾರಿ ಮಾಡಿದ ಮೇಲೆ ಕಾಯಿಲೆ ಬಿದ್ದಳು, 1899ರ ಮಾರ್ಚ್ 6ರಂದು ಹೋದಳು, 23 ವರ್ಷ. ಎದೆಯೊಡೆದು ಸತ್ತಳು ಎಂದು ಬರೆದರೆ ಓದುಗರು ಅಳುತ್ತಾರೆ ನಿಜ, ಆದರೆ ಆ ಸಹಿ ಹಾಕಿದವರನ್ನು ಮರೆತೂಬಿಡುತ್ತಾರೆ.

ತಿದ್ದಿದ ಮೇಲೆ ಎರಡನೇ ಭಾಗದ ಜೊತೆಗೇ ಕಳಿಸು. ಅವಸರ ಏನಿಲ್ಲ.

ನಿನ್ನ ಅಕ್ಕ