ರೇಸ್ ಶುರುವಾಗಿದ್ದು ನೋಯ್ಡಾದಲ್ಲಲ್ಲ ಸ್ವಾಮಿ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಮೋಟಾರ್ ರೇಸಿಂಗ್ ಬಗ್ಗೆ ಬಂದ ಲೇಖನ ಓದ್ದೆ. ಫೋಟೋಗಳೇನೋ ಚೆನ್ನಾಗಿದ್ವು, ಆದ್ರೆ ನಮ್ಮ ದೇಶದ ಮೊದಲ ರೇಸ್ ಟ್ರ್ಯಾಕ್ ಅಂದ್ರೆ 2011ರ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಅಂತ ಬರ್ದಿದ್ದು ನೋಡಿ ಕುಡೀತಿದ್ದ ಕಾಫಿ ನೆತ್ತಿಗೇರ್ತು. ಅದಕ್ಕಿಂತ 21 ವರ್ಷ ಮೊದ್ಲೇ, 1990ರಲ್ಲೇ, ಮದ್ರಾಸ್ ಹತ್ರ ಇರುಂಗಾಟ್ಟುಕೋಟ್ಟೈಯಲ್ಲಿ ಟ್ರ್ಯಾಕ್ ಓಪನ್ ಆಗಿತ್ತು. ಬೆಂಗಳೂರು-ಮದ್ರಾಸ್ ಹೈವೇಲಿ ಶ್ರೀಪೆರಂಬುದೂರು ದಾಟಿದ್ರೆ ಸಿಗೋ ಊರು ಅದು, ಹ್ಯುಂಡೈ ಫ್ಯಾಕ್ಟರಿ ಇರೋ ಜಾಗ, ನಿಮ್ಮ ಓದುಗರಲ್ಲಿ ಎಷ್ಟೋ ಜನ ಬಸ್ಸಲ್ಲಿ ನಿದ್ದೆ ಮಾಡ್ತಾ ದಾಟಿರ್ತಾರೆ.

ಅದೂ ಮೊದಲಲ್ಲ, ಬಿಡಿ. ಅದಕ್ಕೂ ಹಿಂದೆ ಶೋಲಾವರಂ ಇತ್ತು. ಮದ್ರಾಸಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನೋರು ಅಲ್ಲಿ ರೇಸ್ ನಡೆಸ್ತಿದ್ರು. ಗುಜರಾತಿನ ಗೊಂಡಲ್ ಮಹಾರಾಜರು ಜಾಗ್ವಾರ್ ಕಾರು ಓಡಿಸಿದ್ದು ಅಲ್ಲಿ, ಆಮೇಲೆ 80ರ ದಶಕದಲ್ಲಿ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ತಂದು ಓಡಿಸಿದ್ದೂ ಅಲ್ಲೇ. (ಆ ಮನುಷ್ಯನ ಬಗ್ಗೆ ಏನಾದ್ರೂ ಅನ್ಕೊಳ್ಳಿ, ಕಾರು ಓಡಿಸ್ತಿದ್ದಿದ್ದು ಮಾತ್ರ ಹೌದು.)

ನಾನು ಪಿಯುಸಿ ಓದ್ತಿದ್ದಾಗ ಒಂದ್ಸಲ ಅಲ್ಲಿಗೆ ಹೋಗಿದ್ದೆ. ಸೋದರಮಾವ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರೀಲಿ ಕೆಲಸಕ್ಕಿದ್ರು, ಅವ್ರ ರೋಡ್‌ಕಿಂಗ್ ಬೈಕ್ ಹಿಂದೆ ಕೂತ್ಕೊಂಡು ಮೈಸೂರಿಂದ ಮದ್ರಾಸ್ ತನಕ, ಕೋಲಾರ ಮುಳಬಾಗಿಲು ಚಿತ್ತೂರು ಎಲ್ಲಾ ದಾಟೋ ಹೊತ್ತಿಗೆ ಸೊಂಟ ಇದ್ಯೋ ಇಲ್ವೋ ಅನ್ನೋ ಹಾಗಾಗಿತ್ತು. ಅಲ್ಲಿ ನೋಡಿದ್ರೆ ಬಟಾಬಯಲು, ನೆರಳಿಗೆ ಒಂದು ಮರ ಇಲ್ಲ, ಸರ್ವೆ ಕಂಬ ಕಟ್ಟಿ ಮಾಡಿದ ಗ್ಯಾಲರಿ, ತಿರುವಲ್ಲಿ ಹಳೇ ಟೈರು ಜೋಡಿಸಿಟ್ಟಿದ್ರು ಅಷ್ಟೇ. ರೇಸ್ ಬೈಕುಗಳ ಆಯಿಲ್ ಸುಟ್ಟು ಗಾಳಿ ತುಂಬಾ ಹರಳೆಣ್ಣೆ ವಾಸನೆ. ಈಗ್ಲೂ ಯಾರಾದ್ರೂ ಮಗು ತಲೆಗೆ ಹರಳೆಣ್ಣೆ ಹಚ್ಚಿದ್ರೆ ನಂಗೆ ಶೋಲಾವರಂ ನೆನಪಾಗುತ್ತೆ, ಹೆಂಡ್ತಿ ನಗ್ತಾಳೆ. ಬೈಕುಗಳು ಕಾಣೋಕೆ ಮೊದ್ಲೇ ಸೌಂಡ್ ಬರೋದು, ಮಾವ ಕಣ್ಣು ಮುಚ್ಕೊಂಡು "ಇದು ನಮ್ದು ಕಣೋ" ಅನ್ನೋರು, ಸುಮಾರು ಸಲ ಸರಿಯಾಗಿರ್ತಿತ್ತು. ಎನ್‌ಫೀಲ್ಡು, ಆರ್‌ಡಿ 350 ಎಲ್ಲದ್ರ ಮಧ್ಯೆ ಮೈಸೂರಲ್ಲಿ ತಯಾರಾದ ಗಾಡಿ ಓಡೋದು ನೋಡಿದ ಆ ಮಧ್ಯಾಹ್ನ ಅವ್ರ ಮುಖ ಹೇಗಿತ್ತು ಅಂತ ನಂಗೆ ಬರೆಯೋಕೆ ಬರಲ್ಲ.

ಆದ್ರೆ ಶೋಲಾವರಂ ಜಾಗ ಕ್ಲಬ್‌ನದ್ದಲ್ಲ, ಡಿಫೆನ್ಸ್‌ನೋರದ್ದು. ಪ್ರತಿ ಸಲ ಎಲ್ಲಾ ಕಟ್ಟಬೇಕು, ಮುಗಿದ ಮೇಲೆ ಬಿಚ್ಚಬೇಕು, ಬಾಡಿಗೆ ಮನೇಲಿ ಮದುವೆ ಮಾಡಿದ ಹಾಗೆ. ಅದಕ್ಕೇ ಕ್ಲಬ್‌ನೋರು ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಜಾಗ ಕೊಂಡು 3.7 ಕಿಲೋಮೀಟರಿನ ಟ್ರ್ಯಾಕ್ ಮಾಡಿದ್ರು. ಕೊಯಮತ್ತೂರಿನ ಕರಿವರ್ಧನ್ ಅವ್ರು ಮಾರುತಿ 800 ಇಂಜಿನ್ ಇಟ್ಟು ಕಟ್ಟಿದ ಫಾರ್ಮುಲಾ ಮಾರುತಿ ಕಾರುಗಳು ಓಡಿದ್ದು ಅಲ್ಲಿ, ನರೇನ್ ಕಾರ್ತಿಕೇಯನ್ ಮೊದಲ ರೇಸ್ ಓಡಿಸಿದ್ದೂ ಅದೇ ಟ್ರ್ಯಾಕಲ್ಲಿ ಅದೇ ಥರದ ಕಾರಲ್ಲಿ. ಆ ಹುಡುಗ 2005ರಲ್ಲಿ ಫಾರ್ಮುಲಾ ಒನ್ ಸೇರ್ದಾಗ ನೋಯ್ಡಾದಲ್ಲಿ ಟ್ರ್ಯಾಕೇ ಇರ್ಲಿಲ್ಲ. ಬುದ್ಧದಲ್ಲಿ ಫಾರ್ಮುಲಾ ಒನ್ ನಡೆದಿದ್ದು ಬರೀ 3 ವರ್ಷ, ಮೂರೂ ಜರ್ಮನಿಯ ವೆಟ್ಟೆಲ್ ಗೆದ್ದ, ಟ್ಯಾಕ್ಸ್ ಗಲಾಟೆ ಆಯ್ತು, ನಿಂತೋಯ್ತು. ಇರುಂಗಾಟ್ಟುಕೋಟ್ಟೈಗೆ ಮಾತ್ರ ಬೆಂಗಳೂರಿನ ಹುಡುಗ್ರು ಬೈಕನ್ನ ಟೆಂಪೋಗೆ ಹಾಕ್ಕೊಂಡು ಈಗ್ಲೂ ಹೋಗ್ತಾನೇ ಇದಾರೆ.

ತಪ್ಪು ತಿದ್ದಿ ಒಂದು ಸಾಲು ಹಾಕಿದ್ರೆ ಸಾಕಿತ್ತು ಅನ್ಸುತ್ತೆ, ಆದ್ರೂ ಒಂದು ಮಾತು ಕೇಳ್ತೀನಿ. ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ತು, ಅಲ್ಲಿ ಕೆಲಸ ಮಾಡಿದೋರು ಮೈಸೂರಲ್ಲಿ ಇನ್ನೂ ಇದಾರೆ, ಎಲ್ಲರಿಗೂ ವಯಸ್ಸಾಗಿದೆ. ನಿಮ್ಮ ವರದಿಗಾರರನ್ನ ಯಾದವಗಿರಿ ಕಡೆ ಒಂದ್ಸಲ ಕಳ್ಸಿ. ಮಾವ ಹೋಗಿ ನಾಲ್ಕು ವರ್ಷ ಆಯ್ತು, ಅವ್ರ ಟ್ರಂಕಲ್ಲಿ ಶೋಲಾವರಂ ಫೋಟೋ ಆರೋ ಏಳೋ ಇವೆ, ಬೇಕಾದ್ರೆ ಕೊಡ್ತೀನಿ, ವಾಪಸ್ ಮಾತ್ರ ಬೇಕು.

– ಒಬ್ಬ ಹಳೇ ಓದುಗ, ಮೈಸೂರು